ಐದನೆಯ ಕೋಳಿ

ನರಿಯ ಕೂಗು ಗಿರಿ ಮುಟ್ಟುವುದಿಲ್ಲವಂತೆ.
ಓಜುರ್ಗೇತಿಯ ಈ ಬದಿಯಲ್ಲಿ ಅದು
ಗಿರಿಯಿಂದಲೇ ಇಳಿದು ಬರುತ್ತದೆ,
ಹೇಝಲ್ ತೋಟ ದಾಟಿ, ಬೇಲಿಯಡಿ ನುಸುಳಿ.
ನವೆಂಬರಿನ ಒಂದು ರಾತ್ರಿ ನಾಲ್ಕು ಕೋಳಿ ಹೊತ್ತೊಯ್ದವು.
ಐದನೆಯದನ್ನು ಯಾಕೋ ಬಿಟ್ಟುಹೋದವು,
ಹೊಟ್ಟೆ ತುಂಬಿದ ಮಗು ತಟ್ಟೆ ತಳ್ಳಿದ ಹಾಗೆ.

ಪರ್ಸಿಮನ್ ಮರದ ಬುಡದಲ್ಲಿ ಕೂತಿತ್ತು.
ಸತ್ತಿದೆ ಅಂದುಕೊಂಡು ಕಾಲು ಹಿಡಿದೆತ್ತಿದೆ.
ಕಣ್ಣು ತೆರೆದು ನನ್ನನ್ನು ನೋಡಿತು,
ಮಾಡಿದವನು ನಾನೇ ಎಂಬಂತೆ.
ಬೆನ್ನ ಚರ್ಮ ಅಂಗೈಯಗಲ ಸುಲಿದಿತ್ತು.
ಒಳಗೆ, ಒಡೆದ ದಾಳಿಂಬೆಯ ಬಣ್ಣ.

ನಿಜ ಹೇಳುತ್ತೇನೆ: ಹೊಸ ವರ್ಷಕ್ಕೆ ಅಕ್ರೋಟಿನ ಗಟ್ಟಿ ರಸದಲ್ಲಿ
ಇದನ್ನೇ ಬೇಯಿಸುವುದೆಂದು ಗುರುತು ಹಾಕಿಟ್ಟಿದ್ದೆ.
ಮೊಟ್ಟೆ ನಿಂತಿತ್ತು. ಜಗಳಗಂಟಿ ಬೇರೆ.
ಕೊಡಲಿ ಕೈಗೆ ಬಂದೇಬಿಟ್ಟಿತ್ತು,
ಅಷ್ಟರಲ್ಲಿ ಫೋನು. ಲಾಮಾರಾ, ಇಟಲಿಯ ಬಾರಿಯಿಂದ.
ಅಲ್ಲಿ ಬೆಳಿಗ್ಗೆ ಆರೂವರೆ, ಅವಳ ಮುದುಕಿ ಏಳುವ ಮೊದಲು
ಅವಳದೇ ಆದ ಹದಿನೈದು ನಿಮಿಷ.
"ತೋರಿಸು" ಅಂದಳು. ತೋರಿಸಿದೆ.

"ಕೊಡಲಿ ಕೆಳಗಿಡು, ಒತಿಯಾ.
ಉಪ್ಪುನೀರು ಕಾಯಿಸು, ಬೆರಳಿಗೆ ಹಿತವಾಗುವಷ್ಟು.
ಗಾಯಕ್ಕಂಟಿದ ಗರಿ ಕೀಳಬೇಡ, ಕತ್ತರಿಸು.
ಉಜ್ಜಬೇಡ, ಒತ್ತು.
ಆಮೇಲೆ ಜೇನು."

ಇದನ್ನೆಲ್ಲ ಎಲ್ಲಿ ಕಲಿತೆ ಎಂದು ನಾನು ಕೇಳಲಿಲ್ಲ.
ಮೂರು ವರ್ಷದಿಂದ ಅವಳು ಅಲ್ಲಿ
ಯಾರದೋ ತಾಯಿಯನ್ನು ದಿನಕ್ಕೆ ಆರು ಸಲ
ಒಂದು ಮಗ್ಗುಲಿಂದ ಇನ್ನೊಂದಕ್ಕೆ ಹೊರಳಿಸುತ್ತಾಳೆ.

ಹಾಗೆ ಕೋಳಿ ಅಡುಗೆಮನೆ ಸೇರಿತು, ಒಲೆಯ ಪಕ್ಕ,
ಸೋಪಿನ ಪುಡಿ, ಕಾಫಿ, ನನಗೆ ಬಿಗಿಯಾದೊಂದು ಸ್ವೆಟರು
ಬಂದಿದ್ದ ಅದೇ ರಟ್ಟಿನ ಪೆಟ್ಟಿಗೆಯಲ್ಲಿ.
"ಹೊರಗೆ ಮಾತ್ರ ಬಿಡಬೇಡ," ಅಂದ ಬೇಲಿಯಾಚೆಯ ವಾಲಿಕೋ,
"ನಮ್ಮ ಕೋಳಿಗಳು ಕೆಂಪು ಕಂಡರೆ ಕುಕ್ಕುತ್ತವೆ,
ತಮ್ಮವರು ಅಂತ ನೋಡುವುದಿಲ್ಲ."

ಎರಡು ದಿನ ಏನೂ ಮುಟ್ಟಲಿಲ್ಲ.
ಮೂರನೆಯ ದಿನ ಬೆಂದ ಮೊಟ್ಟೆಯ ಹಳದಿ ಪುಡಿಮಾಡಿ ಇಟ್ಟೆ,
ನಾಚಿಕೆಯಿಂದಲೇ.
ತಿಂದಿತು, ನಾಚಿಕೆಯಿಲ್ಲದೆ.
ಬತೂಮಿಗೆ ವ್ಯಾನು ಹೊಡೆದು ಬರಲು ಮೂರು ತಾಸು.
ತಿರುವುಗಳಲ್ಲಿ ಹೆಂಗಸರು ಶಿಲುಬೆಯ ಗುರುತು ಮಾಡಿಕೊಂಡರು,
ಗಂಡಸರು ಬೈದರು. ಹೇಗೆ ಹೇಳಲಿ ಅವರಿಗೆ,
ಎರಡು ಗಂಟೆಗೆ ಜೇನು ಹಚ್ಚಬೇಕೆಂದು?

ಮುಂಚೆ ಫೋನಿನಲ್ಲಿ, ದುಡ್ಡು ಬಂತಾ, ಬಂತು.
ಚಳಿಯಾ, ಚಳಿ.
ಈಗ: "ಹತ್ತಿರ ಹಿಡಿ. ಅಂಚು ಬೆಳ್ಳಗಾಯಿತಾ? ವಾಸನೆ?"
ಒಳಕ್ಕೆ ಸರಿಯುತ್ತಿದೆ ಅಂದೆ, ಬೇಸಗೆಯ ಕೆರೆಯ ಹಾಗೆ.
ಅವಳ ಮುದುಕಿಗೂ ಸುದ್ದಿ ಗೊತ್ತು.
ಹೆತ್ತ ಮಗಳ ಹೆಸರು ಮರೆತವಳು
ಸಂಜೆ ಹಾಸಿಗೆಯಿಂದಲೇ ಕೇಳುತ್ತಾಳಂತೆ:
ಕೋಳಿ ಉಂಡಿತಾ?

ಹೊಸ ವರ್ಷಕ್ಕೆ ಅಕ್ರೋಟಿನ ರಸಕ್ಕೆ ಆಲೂಗಡ್ಡೆ ಹಾಕಿದೆ.
ವಾಲಿಕೋ ಎರಡು ಲೋಟ ಕುಡಿದು, ಪೆಟ್ಟಿಗೆಯತ್ತ ನೋಡಿ,
ಏನೂ ಅನ್ನಲಿಲ್ಲ.

ಜನವರಿಯಲ್ಲಿ ಬೆನ್ನಿನ ಅಂಚಿಗೆ ಗರಿಯ ಮೊಳಕೆ,
ನೀಲಿ, ಪೆನ್ನಿನ ನಿಬ್ಬಿನಂಥವು.
ಮುಟ್ಟಲು ಹೋದೆ. ಹೆಬ್ಬೆರಳಿಗೆ ಕುಕ್ಕಿತು, ರಕ್ತ ಬರುವಷ್ಟು.
ಲಾಮಾರಾಗೆ ತೋರಿಸಿದೆ.
ನಗು ತಡೆಯಲು ಬಾಯಿಗೆ ದಿಂಬು ಒತ್ತಿಕೊಂಡಳು,
ಗೋಡೆಯಾಚೆ ಮುದುಕಿ ಮಲಗಿದ್ದಾಳೆ.
"ಉಪ್ಪುನೀರು," ಅಂದಳು ಕೊನೆಗೆ,
"ಉಜ್ಜಬೇಡ, ಒತ್ತು."

ಗೂಡಿಗೆ ಹೊಸ ಜಾಲರಿ ಹೊದಿಸಿದ್ದೇನೆ,
ಒಂದು ಮೊಳ ಮಣ್ಣಿನೊಳಕ್ಕೂ ಇಳಿಸಿದ್ದೇನೆ.
ಆದರೂ ಹೊತ್ತು ಮುಳುಗಿದರೆ ಇದು
ಅಡುಗೆಮನೆಯ ಬಾಗಿಲಿಗೇ ಬರುತ್ತದೆ.
ಆಚೆ ಗುಡ್ಡದಲ್ಲಿ ಒಂದು ನರಿ ಶುರುಮಾಡುತ್ತದೆ,
ಉಳಿದವು ಸೇರಿಕೊಳ್ಳುತ್ತವೆ.
ಹೊಸಿಲಲ್ಲಿ ಇಬ್ಬರೂ ಅಲ್ಲಾಡದೆ ಕೇಳುತ್ತೇವೆ.
ಅದರ ಗರಿಗಳೆಲ್ಲ ನಿಮಿರುತ್ತವೆ.
ಗರಿ ಇನ್ನೂ ಬಾರದ ಆ ಒಂದಿಷ್ಟು ಜಾಗದಲ್ಲಿ
ಬರಿಯ ಚರ್ಮ ಮುಳ್ಳೇಳುತ್ತದೆ,
ನನ್ನ ತೋಳಿನ ಹಾಗೇ.

ಬಾ ಒಳಗೆ, ಅನ್ನುತ್ತೇನೆ.